ಸುಮ್ಕೆ ನೀರು ಮತ್ತು ನಮ್ಮ ಮಾವನ ನಿದ್ದೆ

…ಆದರೆ ಸನಿಕೆ ನಿಜವಾಗಿಯೂ ಒದ್ದೆಯಾಗಿತ್ತೇ? ಒದ್ದೆಯಾಗಿತ್ತು ಎಂದೇ ನನ್ನ ನೆನಪು. ಬಾಗಿಲ ಪಕ್ಕದ ಗೋಡೆಗೆ ಒರಗಿಸಿದ್ದ ಅದರ ಅಲಗಿನಿಂದ ಕೆಸರುನೀರು ಇಳಿದು ಜಗಲಿಯ ಮೇಲೆ ಅಂಗೈಯಗಲ ನಿಂತಿತ್ತು. ಒಳಗೆ ಚಿಲಕ ಹಾಕಿಕೊಂಡು ನಮ್ಮ ಮಾವ ಗೊರಕೆ ಹೊಡೆಯುತ್ತಿದ್ದರು. ಮಧ್ಯಾಹ್ನದಿಂದ ಮಲಗಿರುವ ಮನುಷ್ಯನ ಸನಿಕೆ ಸಂಜೆ ನಾಲ್ಕು ಗಂಟೆಗೆ ಒದ್ದೆಯಾಗಿರುವುದು ಹೇಗೆ? ಅಥವಾ ಅದು ಬೆಳಗಿನ ಕೆಲಸದ ತೇವವೋ, ಅತ್ತೆ ತೊಳೆದಿಟ್ಟಿದ್ದರೋ, ಅಥವಾ ಈ ಮೂವತ್ತು ವರ್ಷಗಳಲ್ಲಿ ಆ ಸನಿಕೆಯ ಮೇಲೆ ಒಂದೊಂದೇ ಹನಿಯನ್ನು ನಾನೇ ಚಿಮುಕಿಸುತ್ತ ಬಂದೆನೋ? ನನ್ನ ನೆನಪನ್ನು ನಾನು ನಂಬುವುದು ನಮ್ಮೂರಿನ ಮಧ್ಯಾಹ್ನದ ಬಸ್ಸನ್ನು ನಂಬುವಷ್ಟೇ. ಬರುತ್ತದೆ, ಆದರೆ ಯಾವ ದಾರಿ ಹಿಡಿದು ಬಂತು ಎಂದು ಕೇಳಬಾರದು.

ಸನಿಕೆ ಅಲ್ಲೇ ಇರಲಿ. ಆಮೇಲೆ ಬೇಕಾಗುತ್ತದೆ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ: ನನ್ನ ಅವ್ವನ ಈ ಅಣ್ಣನಷ್ಟು ಮೊಂಡ ಮನುಷ್ಯ ಮಂಡ್ಯ ಜಿಲ್ಲೆಯಲ್ಲೇ ಇನ್ನೊಬ್ಬನಿಲ್ಲ. ಇದು ಸಣ್ಣ ಪದವಿಯಲ್ಲ! ನಮ್ಮ ಜಿಲ್ಲೆಯಲ್ಲಿ ಈ ಪದವಿಗೆ ಇರುವ ಪೈಪೋಟಿ ಎಂಥದ್ದು ಎಂದು ಹೊರಗಿನವರಿಗೆ ಗೊತ್ತಿಲ್ಲ. ಮದ್ದೂರಿನಿಂದ ಭಾರತೀನಗರದವರೆಗೆ ಒಮ್ಮೆ ಬಸ್ಸಿನಲ್ಲಿ ನಿಂತು ಬನ್ನಿ, ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎನ್ನುವ ಒಂದೇ ವಿಷಯಕ್ಕೆ ಎಂಟು ಅಭ್ಯರ್ಥಿಗಳು ನಿಮಗೆ ಸಿಗುತ್ತಾರೆ.

ಮಾವನ ಮೊಂಡುತನಕ್ಕೆ ಒಂದೇ ಸಾಲಿನ ಸಂವಿಧಾನವಿದೆ: "ಯಾಕಿಟ್ಟವ್ರೆ ಅಂತ ಗೊತ್ತಾಗೋಗಂಟ ಕೀಳ್ಬ್ಯಾಡ."

ಅವರ ಮನೆಯ ಮುಂದೆ ಮೂರು ಮೆಟ್ಟಿಲಿವೆ. ನಡುವಿನದು ಮಿಕ್ಕ ಎರಡಕ್ಕಿಂತ ನಾಲ್ಕು ಬೆರಳು ಎತ್ತರ. ಈ ಮನೆಗೆ ಬಂದು ಎಡವದವರಿಲ್ಲ. ಹೆಣ್ಣು ನೋಡಲು ಬಂದ ಗಂಡು ಎಡವಿದ. ಎತ್ತಲು ಹೋದ ಅವನ ಅಪ್ಪ ಎಡವಿದ. ಓಟು ಕೇಳಲು ಕೈಮುಗಿದುಕೊಂಡೇ ಹತ್ತಿದ ಅಭ್ಯರ್ಥಿಯೊಬ್ಬರು ಮುಗಿದ ಕೈಯಲ್ಲೇ ಮುಂದಕ್ಕೆ ಬಿದ್ದು ನೇರ ಮಾವನ ಕಾಲಿಗೆ ನಮಸ್ಕಾರ ಮಾಡಿದರು. ಎಂಥ ವಿನಯವಂತರಪ್ಪ ಎಂದು ಊರೆಲ್ಲ ಕೊಂಡಾಡಿತು!

"ಮಾವ, ಗಾರೆಯವನನ್ನ ಕರೆಸಿ ಸಮ ಮಾಡಿಸಿಬಿಡೋಣ" ಎಂದೆ.

"ಕಟ್ದೋನು ಕುರುಡನೇನ್ಲಾ?"

"ಅಲ್ಲ."

"ಮೇಲಿನದ ಸರ್ಯಾಗ್ ಕಟ್ಟವ್ನೆ. ಕೆಳಗಿನದ ಸರ್ಯಾಗ್ ಕಟ್ಟವ್ನೆ. ನಡುವಿಂದು ಮಾತ್ರ ಇಂಗ್ ಕಟ್ಟವ್ನೆ ಅಂದ್ರೆ ಏನೋ ಇರ್ಬೇಕು."

"ಏನಿರಬಹುದು?"

"ನಂಗೇನ್ಲಾ ಗೊತ್ತು? ನಾನೇನ್ ಕಟ್ದೋನಾ?"

ಹೀಗಿದ್ದರೂ ಮಾವನನ್ನು ಹೊಸದರ ವೈರಿ ಎಂದುಕೊಂಡರೆ ತಪ್ಪಾಗುತ್ತದೆ. ಊರಿಗೆ ಮೊದಲ ಟಿಲ್ಲರ್ ತಂದವರು ಅವರೇ. ಹೊಸದು ಬರಲಿ, ಹಳೆಯದು ಹೋಗಬಾರದು, ಅಷ್ಟೇ. ಹಾಗಾಗಿ ಅವರ ನಡುಮನೆಯ ಗೋಡೆಯಲ್ಲಿ ಮೂರು ಕಾಲದ ಮೂರು ಸ್ವಿಚ್ ಬೋರ್ಡುಗಳಿದ್ದವು. ಅವುಗಳಲ್ಲಿ ಒಂದು ಕರಿಯ ಗುಂಡು ಸ್ವಿಚ್ಚು. ಅದನ್ನು ಮಾವ ದಿನಾ ಸಂಜೆ ಹಾಕುತ್ತಿದ್ದರು, ಬೆಳಗ್ಗೆ ಆರಿಸುತ್ತಿದ್ದರು. ಮನೆಯಲ್ಲಿ ಯಾವ ದೀಪವೂ ಹತ್ತುತ್ತಿರಲಿಲ್ಲ, ಯಾವ ಫ್ಯಾನೂ ತಿರುಗುತ್ತಿರಲಿಲ್ಲ.

"ಇದೇನು ಮಾಡುತ್ತೆ ಮಾವ?"

"ಏನೂ ಮಾಡಾಕಿಲ್ಲ."

"ಮತ್ತೆ ಯಾಕೆ ಹಾಕ್ತೀರಿ?"

"ಆಕ್ದೆ ಓದ್ರೆ ಏನ್ ಮಾಡ್ತದೋ!"

ಕೊನೆಗೊಂದು ದಿನ ಕರೆಂಟಿನವನು ಬಂದು ಅದನ್ನು ಕಿತ್ತ. ಅಂದು ಸಂಜೆ ಪಕ್ಕದ ಮನೆಯ ಮುದುಕಿ ಓಡಿಬಂದು, ತನ್ನ ಕೊಟ್ಟಿಗೆಯಲ್ಲಿ ವರ್ಷಾನುಗಟ್ಟಲೆ ತಾನಾಗೇ ಹತ್ತಿ ತಾನಾಗೇ ಆರುತ್ತಿದ್ದ, ತಾನು ದಿನಾ ಕೈಮುಗಿಯುತ್ತಿದ್ದ ಬಲ್ಬು ಇವತ್ತು ಹತ್ತಲಿಲ್ಲ ಎಂದು ಅತ್ತಳು. ಈ ಕತೆಯನ್ನು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ಹುಡುಗರು ನಗುತ್ತಾರೆ. ಸ್ವಿಚ್ಚು ನಿಜ. ಮುದುಕಿಯನ್ನು ಸೇರಿಸಿದ್ದು ನಾನೇ ಇರಬೇಕು ಎಂಬ ಗುಮಾನಿ ಈಚೆಗೆ ಬಂದಿದೆ. ಕತೆಗೆ ಕೊನೆ ಬೇಕಿತ್ತು, ಆಕೆ ಬಂದಳು. ಕ್ಷಮೆಯಿರಲಿ.

ತರಗತಿ ಎಂದೆನಲ್ಲ. ನಾನು ಮಳವಳ್ಳಿಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ಸಮಾಜವನ್ನು ಬರಿಯ ಬುದ್ಧಿಯಿಂದ, ಕಾಗದದ ಮೇಲೆ ಗೆರೆ ಎಳೆದು ಕಟ್ಟಬಹುದೇ, ಅಥವಾ ರೂಢಿಯಲ್ಲಿ ನಮಗೆ ಹೇಳಲಾಗದ ತಿಳಿವೊಂದು ಇರುತ್ತದೆಯೇ ಎನ್ನುವ ಪಾಠ ವರ್ಷಕ್ಕೊಮ್ಮೆ ಬರುತ್ತದೆ. ಸಂಪ್ರದಾಯವಾದ, ವಿಚಾರವಾದ, ಎರಡಕ್ಕೂ ತಲಾ ಹತ್ತು ಅಂಕ. ನಾನು ಹುಟ್ಟಾ ವಿಚಾರವಾದಿ. ಕಾರಣ ಹೇಳಲಾಗದ ಪದ್ಧತಿಯನ್ನು ಕಂಡರೆ ನನಗೆ ಕೈ ತುರಿಸುತ್ತದೆ. ಒಂದು ಸಲ ಕಾಲೇಜಿಗೇ ಮಾವನನ್ನು ಅತಿಥಿಯಾಗಿ ಕರೆಸಿದೆ, ಮಕ್ಕಳು ನೋಡಲಿ ಎಂದು. ಹಾರ ಹಾಕಿಸಿಕೊಂಡು ಮೈಕಿನ ಮುಂದೆ ನಿಂತ ಮಾವನ ಭಾಷಣ ಪೂರ್ತಿ ಇಷ್ಟು: "ನಂಗೇನೂ ಗೊತ್ತಿಲ್ಲ. ಗೊತ್ತಿಲ್ದೆ ಇರೋದ ಮುಟ್ಟಾಕೋಗಲ್ಲ. ನಿಮ್ ಮೇಷ್ಟ್ರಿಗೆ ಎಲ್ಲಾ ಗೊತ್ತು. ಅದ್ಕೇ ನಂಗ್ ಬಯ." ಹುಡುಗರು ಬೆಂಚು ಕುಟ್ಟಿದ ಸದ್ದಿಗೆ ಪ್ರಾಂಶುಪಾಲರು ಹೊರಗೆ ಬಂದರು.

ಇಲ್ಲಿ ಯಾರಾದರೂ ಎದ್ದು ನಿಂತು ಕೇಳಬಹುದು, ನಾನೂ ಕೇಳಿದ್ದೆ: ಹಾಗಾದರೆ ಹಳೆಯದೆಲ್ಲ ಇರಬೇಕೇ? ಮಾವನನ್ನು ಮೂಲೆಗೆ ಒತ್ತಿದೆ ಎಂದೇ ಹಿಗ್ಗಿದ್ದೆ. "ಹೋಟೆಲ್ಲಿನಲ್ಲಿ ಕೇರಿಯವರಿಗೆ ಬೇರೆ ಲೋಟ ಇಡ್ತಿದ್ದರಲ್ಲ, ಅದೂ ಹಳೇ ಪದ್ಧತಿ ತಾನೆ? ಅದನ್ನೂ ಮುಟ್ಟಬಾರದಿತ್ತೇನು?"

ಅತ್ತೆ ಒಳಗಿನಿಂದ ಕೂಗಿದರು: "ಇವ್ರು ಅಲಗೂರಲ್ಲಿ ಲೋಟ ಒಡ್ದು ಒದೆ ತಿಂದಿದ್ದು ನಿಂಗೊತ್ತಿಲ್ವೇನಪ್ಪ?"

ಅವರು ಮೀಸೆ ಚಿಗುರುವ ವಯಸ್ಸಿನಲ್ಲಿ ಹಲಗೂರಿನ ಒಂದು ಹೋಟೆಲ್ಲಿನ ಹೊರಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಟ್ಟಿದ್ದ ನಾಲ್ಕು ಗಾಜಿನ ಲೋಟಗಳನ್ನು ಹಾಡಹಗಲು ಬಸ್ಸಿಗೆ ಕಾಯುತ್ತಿದ್ದವರ ಮುಂದೆಯೇ ಒಂದೊಂದಾಗಿ ನೆಲಕ್ಕೆ ಹಾಕಿದ್ದರಂತೆ. ಒದೆ ಕೊಟ್ಟವರು ನಮ್ಮ ಜನವೇ. ಎಡಗಿವಿಯ ಹಿಂದಿನ ಗಾಯ ಆವತ್ತಿನದು.

"ಮತ್ತೆ ನಿಮ್ಮ ಸಂವಿಧಾನ?" ಎಂದೆ.

ಮಾವ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು. "ಅದ್ಯಾಕಿಟ್ಟವ್ರೆ ಅಂತ ಎಲ್ರಿಗೂ ಗೊತ್ತಿತ್ತಲ್ಲೋ! ಗೊತ್ತಿದ್ದೂ ಮಡಗಿದ್ರಲ್ಲ, ಅದ್ಕೇ ಒಡ್ದೆ."

ಈ ಮಾತಿಗೆ ನನ್ನ ಪಠ್ಯಪುಸ್ತಕದಲ್ಲಿ ಅಂಕ ಎಲ್ಲಿ ಕೊಡಬೇಕೋ ಇವತ್ತಿಗೂ ತಿಳಿದಿಲ್ಲ.

ಇನ್ನು ನೀರಿಗೆ ಬರೋಣ. ನಮ್ಮೂರು ನಾಲೆಯ ನೀರಿನ ಊರು. ದೊಡ್ಡ ನಾಲೆಯ ತೂಬು ಸರ್ಕಾರದ್ದು. ಅಲ್ಲಿಂದ ಇಳಿದು ಬರುವ ನಮ್ಮ ಸಣ್ಣ ಕಾಲುವೆಯ ಉಸ್ತುವಾರಿ ಊರಿನದೇ. ಅದರ ಮೇಲೆ ಹನ್ನೆರಡು ಮನೆಯ ಗದ್ದೆಗಳಿವೆ. ಒಂದೊಂದು ಮನೆಗೆ ಒಂದೊಂದು ದಿನ ನೀರಿನ ಸರದಿ. ಸರದಿ ತಪ್ಪದಂತೆ ನೋಡಿಕೊಂಡು ನೀರು ತಿರುಗಿಸುವವನು ನೀರುಗಂಟಿ. ಮಾವ ನಲವತ್ತು ವರ್ಷ ನಮ್ಮ ನೀರುಗಂಟಿಯಾಗಿದ್ದವರು. ಮಣ್ಣು ತೋಡಿ ನೀರು ತಿರುಗಿಸುವ ಆ ಸನಿಕೆ ಅವರ ರಾಜದಂಡ.

ಹನ್ನೆರಡು ಮನೆ, ಹನ್ನೆರಡು ದಿನ. ಲೆಕ್ಕ ಮುಗಿಯಬೇಕಲ್ಲ? ಮುಗಿಯುವುದಿಲ್ಲ! ಹದಿಮೂರನೆಯ ದಿನವೊಂದಿದೆ. ಅವತ್ತು ಬೆಳಗ್ಗೆ ಎಲ್ಲರೂ ಸೇರಿ ಕಾಲುವೆಯ ಜೊಂಡು ತೆಗೆಯುತ್ತಾರೆ. ನಡು ಮಧ್ಯಾಹ್ನದಿಂದ ದನ ಮನೆಗೆ ತಿರುಗುವವರೆಗೆ ಕಾಲುವೆಯಲ್ಲಿ ಹರಿಯುವ ನೀರು ಯಾರದೂ ಅಲ್ಲ. ಎಲ್ಲ ಗದ್ದೆಗಳ ಬಾಯಿ ಮುಚ್ಚಿರುತ್ತದೆ, ಅಥವಾ ಮುಚ್ಚಿರುತ್ತದೆ ಎಂದುಕೊಳ್ಳಬೇಕು. ನೀರು ಹನ್ನೆರಡು ಗದ್ದೆಗಳನ್ನೂ ನೋಡಿಕೊಂಡು, ಯಾರಿಗೂ ಏನೂ ಅನ್ನದೆ ಕೊನೆಯ ಹಳ್ಳ ಸೇರುತ್ತದೆ. ಇದಕ್ಕೆ ನಮ್ಮೂರಲ್ಲಿ 'ಸುಮ್ಕೆ ನೀರು' ಎನ್ನುತ್ತಾರೆ. ಮಾತಾಡದೆ ಹೋಗುವ ನೀರು ಎಂದಾದರೂ ಇಟ್ಟುಕೊಳ್ಳಿ, ಕಾರಣವಿಲ್ಲದೆ ಹೋಗುವ ನೀರು ಎಂದಾದರೂ ಇಟ್ಟುಕೊಳ್ಳಿ.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಸುಮ್ಕೆ ನೀರು ಬಿಟ್ಟ ಮೇಲೆ ನೀರುಗಂಟಿ ಹಿಂದೆ ತಿರುಗಿ ನೋಡಕೂಡದು. ನೇರ ಮನೆಗೆ ಹೋಗಿ, ಸನಿಕೆಯನ್ನು ಹೊರಗೇ ಬಿಟ್ಟು, ಬಾಗಿಲಿಗೆ ಚಿಲಕ ಹಾಕಿಕೊಂಡು ಮಲಗಬೇಕು. ಮಾವ ಈ ನಿಯಮವನ್ನು ಪಾಲಿಸುತ್ತಿದ್ದ ನಿಷ್ಠೆಯನ್ನು ದೇವಸ್ಥಾನದಲ್ಲಿ ತೋರಿಸಿದ್ದರೆ ಇಷ್ಟು ಹೊತ್ತಿಗೆ ಅವರಿಗೇ ಒಂದು ಗುಡಿ ಆಗುತ್ತಿತ್ತು. ತಹಸೀಲ್ದಾರರ ಜೀಪು ಬಂದು ನಿಂತರೂ ಏಳಲಿಲ್ಲ. ಸ್ವಂತ ಮಗಳ ಮದುವೆ ಮಾತುಕತೆಗೆ ಬೀಗರು ಬಂದು ಜಗಲಿಯ ಮೇಲೆ ಎರಡು ತಾಸು ಕೂತು (ಮೆಟ್ಟಿಲಲ್ಲಿ ಎಡವಿದ ಮೇಲೆ) ಮಜ್ಜಿಗೆ ಕುಡಿದರು. ಒಳಗಿನಿಂದ ಗೊರಕೆಯೊಂದೇ ಉತ್ತರ.

"ಇದೇನಮ್ಮ, ಯಜಮಾನ್ರಿಗೆ ಉಸಾರಿಲ್ವಾ?" ಎಂದರು ಬೀಗರು.

"ಚೆನ್ನಾಗವ್ರೆ ಕಣಣ್ಣ. ಇವತ್ತು ನಿದ್ದೆ ಮಾಡೋ ಕೆಲ್ಸ ಅದೆ" ಎಂದರು ಅತ್ತೆ.

ನನ್ನ ಕೈ ತುರಿಸದೆ ಇರುತ್ತದೆಯೇ? ಬೇಸಿಗೆ ಬೆಳೆಗೆ ನೀರು ಸಾಲದು ಎಂದು ಎಲ್ಲರೂ ಬಾಯಿ ಬಡಿದುಕೊಳ್ಳುತ್ತಿರುವಾಗ ಐದು ಗಂಟೆಯ ನೀರು ಹಳ್ಳಕ್ಕೆ! ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಕೂತು ಕಂಪ್ಯೂಟರಿನಲ್ಲಿ ವೇಳಾಪಟ್ಟಿ ಮಾಡಿದೆ. ಐದು ಗಂಟೆ ಎಂದರೆ ಮುನ್ನೂರು ನಿಮಿಷ. ಹನ್ನೆರಡು ಮನೆಗೆ ಹಂಚಿದರೆ ತಲಾ ಇಪ್ಪತ್ತೈದು ನಿಮಿಷ. ಶೇಷ ಸೊನ್ನೆ! ಶೇಷ ಸೊನ್ನೆ ಬಂದಾಗ ವಿಚಾರವಾದಿಗೆ ಆಗುವ ಆನಂದವನ್ನು ಭಕ್ತರು ಊಹಿಸಲಾರರು. ಮಂಡ್ಯಕ್ಕೆ ಹೋಗಿ ನಾಲ್ಕು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ನೀರು ಬಿದ್ದರೂ ಕೆಡದಂತೆ ಲ್ಯಾಮಿನೇಷನ್ ಮಾಡಿಸಿ ತಂದೆ.

ಅರಳಿಕಟ್ಟೆಯ ಮೇಲೆ ಸಭೆ ಸೇರಿತು. ಒಬ್ಬೊಬ್ಬರಿಗೂ ಇಪ್ಪತ್ತೈದು ನಿಮಿಷ ಹೆಚ್ಚು ಎಂದ ಕೂಡಲೇ ಹನ್ನೊಂದು ಕೈ ಮೇಲೆದ್ದವು. ಅದರಲ್ಲಿ ಒಂದು ನಮ್ಮ ಮನೆಯ ಪರವಾಗಿ ನನ್ನದೇ. ಎತ್ತದೆ ಉಳಿದ ಕೈ ಮಾವನದು.

"ಕಾರಣ ಹೇಳಿ ಮಾವ. ಒಂದು ಕಾರಣ ಹೇಳಿ, ಪಟ್ಟಿ ಹರಿದು ಹಾಕ್ತೀನಿ."

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋದು ಕಾರಣವೇ?"

"ಅದಕ್ಕಿಂತ ದೊಡ್ ಕಾರಣ ಯಾವ್ದದೆ ಏಳ್ಲಾ! ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಗೊತ್ತಿಲ್ದೆ ಇರೋನು ನಾನು ಸುಮ್ಕಿವ್ನಿ. ಗೊತ್ತಿಲ್ದೆ ಇರೋನು ನೀನು ಪಟ್ಟಿ ಮಾಡ್ಕ ಬಂದಿದ್ದೀಯ."

ಜನ ನಕ್ಕರು. ಆದರೂ ಎತ್ತಿದ ಕೈ ಇಳಿಸಲಿಲ್ಲ. ಮಾವ ಎದ್ದರು. ನಲವತ್ತು ವರ್ಷ ಹಿಡಿದ ಸನಿಕೆಯನ್ನು ನನ್ನ ಕಾಲ ಬಳಿ ಮಣ್ಣಿಗೆ ಊರಿದರು. "ತಗೊಳಪ್ಪ ಅಳಿಮಯ್ಯ. ನಿದ್ದೆ ಮಾಡೋ ನೀರುಗಂಟಿ ನಿಮ್ಗೆ ಬ್ಯಾಡ" ಎಂದು ಹೊರಟೇಬಿಟ್ಟರು. ಅವರ ಬೆನ್ನು ಬೀದಿಯ ಕೊನೆಯವರೆಗೂ ನೆಟ್ಟಗೇ ಇತ್ತು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಈಗ ನೀವು ಕಾಯುತ್ತಿದ್ದೀರಿ, ಮಾರನೆಯ ದಿನವೇ ಎಲ್ಲ ಕೆಟ್ಟುಹೋಯಿತು ಎಂದು ನಾನು ಬರೆಯುತ್ತೇನೆ ಎಂದು. ಇಲ್ಲ! ಮೂರು ಸುತ್ತು ನನ್ನ ಪಟ್ಟಿ ಗಡಿಯಾರದಂತೆ ನಡೆಯಿತು. ಪೈರು ಹಸಿರಾಯಿತು. ಹಾಲಿನ ಡೈರಿಯ ಮುಂದೆ ಜನ ನನಗೆ ಜಾಗ ಬಿಟ್ಟು ನಿಲ್ಲುತ್ತಿದ್ದರು. ಮಾವನ ಮನೆಯ ಮುಂದೆ ಹಾಯುವಾಗ ನಾನು ಬೇಕೆಂದೇ ನಿಧಾನ ನಡೆಯುತ್ತಿದ್ದೆ.

ಬದಲಾದದ್ದು ಒಂದೇ. ಮೊದಲು ಸರದಿ ಬದಲಾಗುತ್ತಿದ್ದದ್ದು 'ಬಿಸಿಲು ತೆಂಗಿನ ಮರದ ಬುಡಕ್ಕೆ ಬಂದಾಗ.' ಈಗ ಹನ್ನೆರಡು ಮನೆಯವರೂ ಬದುವಿನ ಮೇಲೆ ಫೋನು ಹಿಡಿದು ನಿಂತಿರುತ್ತಿದ್ದರು.

"ನಿನ್ ಫೋನು ಎರಡ್ ನಿಮ್ಸ ಮುಂದೈತೆ ಕಣ್ಲಾ."

"ನಂದು ಕಂಪ್ನಿ ಟೇಮು. ನಿಂದೇ ಇಂದೈತೆ."

"ಮೇಷ್ಟ್ರೇ, ಯಾರ್ ಫೋನು ಸರಿ ಏಳಿ!"

ಹತ್ತಾರು ವರ್ಷ ಯಾರ ಬಳಿಯೂ ಇಲ್ಲದಿದ್ದ ಆ ಇಪ್ಪತ್ತೈದು ನಿಮಿಷ ನಾನು ಕೊಟ್ಟ ದಿನದಿಂದ ಪ್ರತಿಯೊಬ್ಬರ ಹುಟ್ಟುಹಕ್ಕಾಗಿತ್ತು.

ನಾಲ್ಕನೆಯ ಸುತ್ತಿನಲ್ಲಿ ಕಾಲುವೆಯ ಕೊನೆಗೆ ಹತ್ತಿರದ ಗದ್ದೆಯ ನಿಂಗಣ್ಣನ ತಾಯಿ ತೀರಿಕೊಂಡಳು. ತೀರಿಕೊಂಡದ್ದು ಅವನ ಸರದಿಯ ದಿನ ಬೆಳಗ್ಗೆ. ಹೆಣ ಮುಂದಿಟ್ಟುಕೊಂಡು ಯಾರು ನೀರು ಕಟ್ಟಲು ಹೋಗುತ್ತಾರೆ? ಅವನ ನೀರು ಹಳ್ಳಕ್ಕೆ ಹೋಯಿತು. ಮತ್ತೆ ಸರದಿ ಬರಲು ಹನ್ನೆರಡು ದಿನ, ಮೇಲೆ ಏಪ್ರಿಲ್ ಬಿಸಿಲು, ಗದ್ದೆಯಲ್ಲಿ ತೆನೆ ಕಟ್ಟುವ ಪೈರು. ಐದನೆಯ ದಿನಕ್ಕೆ ಗದ್ದೆ ಬಿರುಕು ಬಿಟ್ಟಿತು. ನಿಂಗಣ್ಣ ತಲೆ ಬೋಳಿಸಿಕೊಂಡು ಬಂದು ಕಾಲುವೆಯ ಮೇಲೆ ಕೂತ.

"ನಾಕ್ ಗಂಟೆ ನೀರ್ ಬುಡ್ಸಿ ಮೇಷ್ಟ್ರೇ. ಅಷ್ಟೇ ಸಾಕು."

ನಾನು ಪಟ್ಟಿ ನೋಡಿದೆ. ಎಲ್ಲ ನಿಮಿಷಕ್ಕೂ ಒಂದೊಂದು ಹೆಸರಿತ್ತು. ನಾಲ್ಕು ಗಂಟೆ ಯಾರಿಂದ ಕಿತ್ತುಕೊಡಲಿ? ಅವತ್ತಿನ ಸರದಿಯ ಚಿಕ್ಕಣ್ಣನನ್ನು ಕೇಳಿದೆ. ಚಿಕ್ಕಣ್ಣ ಕೆಟ್ಟವನಲ್ಲ. ನಿಂಗಣ್ಣನ ತಾಯಿಗೆ ಹೆಗಲು ಕೊಟ್ಟವರಲ್ಲಿ ಮೊದಲನೆಯವನು ಅವನೇ. ಆದರೆ ಅವನು ನನ್ನ ಪಟ್ಟಿಯ ಮೇಲೆ ಬೆರಳಿಟ್ಟ. "ನೀವೇ ಬರ್ದಿರೋದು. ಇದು ನಂದು."

ಆಗ ನಿಂಗಣ್ಣ ಕೇಳಿದ: "ಮೇಷ್ಟ್ರೇ, ನಿಮ್ ಪಟ್ಟೀಲಿ ಸಾವ್ಗೆ ಎಲ್ಲೈತೆ ಜಾಗ?"

ಆಮೇಲೆ ನಡೆದದ್ದರ ಕ್ರಮ ನನಗೆ ಸರಿಯಾಗಿ ನೆನಪಿಲ್ಲ. ಇಬ್ಬರೂ ಕಾಲುವೆಯೊಳಗಿದ್ದರು. ಒಂದು ಅಂಗಿ ಹರಿದಿತ್ತು, ಒಂದು ಫೋನು ಕೆಸರಲ್ಲಿ ಮುಳುಗಿಯೂ ಸಮಯ ತೋರಿಸುತ್ತಿತ್ತು. ಬಿಡಿಸಲು ಹೋದ ನನ್ನ ಕೈಯಿಂದ ಪಟ್ಟಿ ನೀರಿಗೆ ಬಿತ್ತು. ಲ್ಯಾಮಿನೇಷನ್ ಮಾಡಿಸಿದ್ದರಿಂದ ಅದು ನೆನೆಯಲಿಲ್ಲ, ಮುಳುಗಲಿಲ್ಲ. ಹನ್ನೆರಡು ಗದ್ದೆಗಳನ್ನೂ ನೋಡಿಕೊಂಡು, ಯಾರಿಗೂ ಏನೂ ಅನ್ನದೆ ಹಳ್ಳ ಸೇರಿತು!

ಸನಿಕೆ ಹೊತ್ತುಕೊಂಡು ಮಾವನ ಮನೆಗೆ ಹೋದೆ. ನಡುವಿನ ಮೆಟ್ಟಿಲಲ್ಲಿ ಎಡವಿದೆ. ಮಾವ ಊಟ ಮಾಡುತ್ತಿದ್ದರು. ಅತ್ತೆ ನನಗೂ ಒಂದು ತಟ್ಟೆ ಹಾಕಿ ಮುದ್ದೆ ಇಟ್ಟರು.

"ಗೊತ್ತಾಯ್ತು ಮಾವ" ಎಂದೆ. ನನ್ನ ಧ್ವನಿಯಲ್ಲಿ ಸೋಲಿಗಿಂತ ಹುರುಪೇ ಹೆಚ್ಚಿತ್ತು. "ಸುಮ್ಕೆ ನೀರು ಯಾಕಿದೆ ಅಂತ ಗೊತ್ತಾಯ್ತು. ಸಾವು, ಕಾಯಿಲೆ, ಬಾಣಂತನ ಅಂತ ಸರದಿ ತಪ್ಪಿದವರು ಯಾರನ್ನೂ ಕೇಳದೆ ಕಟ್ಟಿಕೊಳ್ಳಲಿ ಅಂತ. ಅದೊಂದು ತುರ್ತು ಮೀಸಲು. ಹೊಸ ಪಟ್ಟಿಯಲ್ಲಿ ಹಾಗೇ ಬರೀತೀನಿ. ಬೇಕಾದವರು ಹಿಂದಿನ ದಿನ ಒಂದು ಅರ್ಜಿ ಕೊಟ್ಟರೆ…"

ಮಾವ ನಗಲು ಶುರುಮಾಡಿದರು. ಸಾರು ನೆತ್ತಿಗೇರಿತು. ಅತ್ತೆ ತಲೆ ತಟ್ಟಿದರು.

"ಅರ್ಜಿ ಕೊಟ್ ಸಾಯ್ಬೇಕೇನ್ಲಾ?"

"ಅಲ್ಲ ಮಾವ, ಕಾರಣ ಇದೇ ತಾನೆ?"

"ಇದೂ ಇರ್ಬೋದು. ಇದೊಂದೇ ಅಂತ ಯಾರೇಳಿದ್ರು ನಿಂಗೆ? ಒಂದ್ ಕಾರಣ ಸಿಕ್ತು ಅಂತ ಬರ್ದ್ ಬುಡ್ತೀಯ. ಬರ್ದಿದ್ ಮ್ಯಾಕೆ ಮಿಕ್ಕಿದ್ ಕಾರಣ್ವೆಲ್ಲ ಸತ್ತೋಯ್ತವೆ." ಅತ್ತೆಯ ಕಡೆ ತಿರುಗಿದರು. "ಇಟ್ಟು ಎಷ್ಟೊತ್ ಬೇಯಿಸ್ದಮ್ಮಿ?"

"ಆಗೋಗಂಟ."

"ಎಷ್ಟ್ ನಿಮ್ಸ ಅಂತ ಕೇಳ್ತಾವ್ನೆ ಮೇಷ್ಟ್ರು."

"ಅದೆಲ್ಲ ಕೈಗೊತ್ತು ಕಣಪ್ಪ, ನಂಗೊತ್ತಿಲ್ಲ" ಎಂದು ಅತ್ತೆ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರು. ಗಂಟಿಲ್ಲದ, ಕೈಗಂಟದ ಮುದ್ದೆ.

ಸನಿಕೆಯನ್ನು ಮಾವ ವಾಪಸು ತೆಗೆದುಕೊಂಡರು. ಮುಂದಿನ ಹದಿಮೂರನೆಯ ದಿನವನ್ನು ಕಾಯಲಿಲ್ಲ. ಅವತ್ತೇ ಮಧ್ಯಾಹ್ನ ಸುಮ್ಕೆ ನೀರು ಎಂದು ಸಾರಿ, ಕಾಲುವೆ ಬಿಟ್ಟು, ತಿರುಗಿ ನೋಡದೆ ಮನೆಗೆ ಬಂದು ಚಿಲಕ ಹಾಕಿಕೊಂಡು ಮಲಗಿದರು. ಚಿಕ್ಕಣ್ಣ ತನ್ನ ಗದ್ದೆಯ ಬಾಯಿಯನ್ನು ತಾನೇ ಮುಚ್ಚಿದ. ಮಾರನೆಯ ದಿನ ನಿಂಗಣ್ಣನ ಗದ್ದೆ ತುಂಬಿತ್ತು. ಅವನು ಹಿಂದಿನ ಮಧ್ಯಾಹ್ನವೇ ತಾಯಿಯ ತಿಥಿಯ ಓಡಾಟಕ್ಕೆ ಮದ್ದೂರಿಗೆ ಹೋಗಿದ್ದ. ಯಾರು ಕಟ್ಟಿದರು ಎಂದು ಅವನು ಕೇಳಲಿಲ್ಲ. ಯಾರೂ ಹೇಳಲಿಲ್ಲ.

ಈ ಸುದ್ದಿ ಹೇಗೋ ಹರಡಿ, ಒಂದು ಪಕ್ಷದವರು ಶಾಲು ಹಿಡಿದುಕೊಂಡು ಬಂದರು, ಸಂಪ್ರದಾಯದ ರಕ್ಷಕರಿಗೆ ಸನ್ಮಾನ ಎಂದು. ಮಾವ ಕೇಳಿದರು: "ನಿಮ್ ಪಾರ್ಟಿ ಉಟ್ಟಿ ಎಷ್ಟೊರ್ಸ ಆಯ್ತು?" ಅವರು ಹೇಳಿದರು. "ಓ, ಒಸಬ್ರು. ಓಗ್ಬನ್ನಿ." ಆಮೇಲೆ ಎದುರು ಪಕ್ಷದವರು ಬಂದರು, ಇದು ಸಮಾನ ಹಂಚಿಕೆಯ ಮಾದರಿ ಎಂದು. ಅವರಿಗೆ ಮಾವ ಸಿಗಲೇ ಇಲ್ಲ. ಅವತ್ತು ಹದಿಮೂರನೆಯ ದಿನ, ಅವರು ಮಲಗಿದ್ದರು. ಬಂದವರೆಲ್ಲ ಎಡವಿದರು ಎಂದು ಬೇರೆ ಬರೆಯಬೇಕಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆಂದದ ಪ್ರಬಂಧವಾಗುತ್ತಿತ್ತು. ಮಾವ ಗೆದ್ದರು, ಮೇಷ್ಟ್ರು ಕಲಿತರು. ಅಷ್ಟು ನೀಟಾಗಿ ಮುಗಿಯುವುದನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಹೋದ ವರ್ಷ ಈ ಕತೆಯನ್ನೆಲ್ಲ ಅವ್ವನಿಗೆ ನಗಿಸಲೆಂದು ಮತ್ತೆ ಹೇಳುತ್ತಿದ್ದೆ. ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಅವಳು ನಗಲಿಲ್ಲ.

"ನಿಮ್ಮಪ್ಪ ಸತ್ತೋದ್ ವರ್ಸ ನಮ್ ಗದ್ದೆಗೆ ಯಾರ್ ನೀರ್ ಕಟ್ಟಿದ್ರು ಅಂತ ಯಾವತ್ತಾರ ಕೇಳಿದ್ದೀಯ?"

ಕೇಳಿರಲಿಲ್ಲ. ಅಪ್ಪ ತೀರಿಕೊಂಡಾಗ ನಾನು ಡಿಗ್ರಿಯ ಮೊದಲ ವರ್ಷದಲ್ಲಿದ್ದೆ. ಭಾರತೀನಗರದ ಕಾಲೇಜಿಗೆ ದಿನಾ ಬಸ್ಸು. ನಮ್ಮದು ಕಾಲುವೆಯ ಕಟ್ಟಕಡೆಯ ಗದ್ದೆ, ನಮ್ಮ ಸರದಿಯ ದಿನ ನಿಂತು ನೀರು ಕಟ್ಟುವವರಿಲ್ಲ. ಅವ್ವ ಆ ವರ್ಷ ಹೊಸಿಲು ದಾಟಿ ಗದ್ದೆಗೆ ಹೋಗಲಿಲ್ಲ ಎಂದೇ ನಾನು ತಿಳಿದಿದ್ದೆ. ಮಾವನಿಗೂ ನಮ್ಮ ಮನೆಗೂ ಆಗ ಮಾತಿರಲಿಲ್ಲ. ಯಾವುದೋ ಬೇಲಿಯ ವಿಷಯಕ್ಕೆ ಅಪ್ಪ ಮತ್ತು ಮಾವ ಮುಖ ನೋಡುವುದನ್ನು ಬಿಟ್ಟಿದ್ದರು. ಅಪ್ಪನ ಮಣ್ಣಿಗೆ ಮಾವ ಬಂದು ದೂರ ನಿಂತು ಹೋದರು, ಅಷ್ಟೇ. ಅಪ್ಪ ಹೋದರೂ ಮಾತು ಬೇಗ ಬರಲಿಲ್ಲ. ಸಹಾಯ ಕೊಟ್ಟಿದ್ದರೂ ಅವ್ವ ತೆಗೆದುಕೊಳ್ಳುತ್ತಿರಲಿಲ್ಲ. ಅಣ್ಣ ಮೊಂಡನಾದರೆ ತಂಗಿ ಸಾಮಾನ್ಯಳೇ?

"ಒಂದ್ ಸುತ್ತೂ ಒಣಗಿಲ್ಲ ಕಣ್ ಮಗ ನಮ್ ಪೈರು" ಎಂದಳು. "ಸುಮ್ಕೆ ನೀರ್ ಮಾರ್ನೆ ದಿನ ಪಕ್ಕದ ಗದ್ದೆ ಎಣ್ಣಾಳು ಬಂದು, ಅಕ್ಕ ನಿಮ್ ಗದ್ದೆ ತುಂಬೈತೆ ಅನ್ನೋಳು. ಒಂದಿನ ತಡೀನಾರ್ದೆ ಓಗಿ ನೋಡ್ದೆ. ಬದಿನ್ ಮ್ಯಾಲೆ ಎಜ್ಜೆ ಇದ್ವು. ಇನ್ನೊಂದ್ ಸಲ ಓದಾಗ ಬ್ಯಾರೆ ಎಜ್ಜೆ. ದೊಡ್ಡವು, ಸಣ್ಣವು. ಯಾರು ಅಂತ ಕೇಳ್ಲಿಲ್ಲ. ಕೇಳಿದ್ರೆ ಬ್ಯಾಡ ಅನ್ಬೇಕಾಗಿತ್ತು."

ಆ ವರ್ಷದ ಭತ್ತದಲ್ಲೇ ನಾವು ಉಂಡೆವು. ನಾನು ಕಾಲೇಜು ಬಿಡಲಿಲ್ಲ. ಬಿಟ್ಟಿದ್ದರೆ ರಾಜ್ಯಶಾಸ್ತ್ರವಿಲ್ಲ, ಪಟ್ಟಿಯೂ ಇಲ್ಲ. ನಾನು ನಿಮಿಷ ಎಣಿಸಿ ಅಳಿಸಿಹಾಕಿದ್ದು ನನ್ನನ್ನು ಓದಿಸಿದ ಮಧ್ಯಾಹ್ನಗಳನ್ನು.

ಮಾವನನ್ನು ಕೇಳಿದೆ. ಈಗ ಅವರಿಗೆ ಮಂಡಿನೋವು, ಬದುವಿನ ಮೇಲೆ ನಡೆಯಲಾಗುವುದಿಲ್ಲ. ಜಗಲಿಯ ಮೇಲೆ ಕಾಲು ಚಾಚಿ ಕೂತು ಬೀದಿಯಲ್ಲಿ ಹೋಗುವವರಿಗೆಲ್ಲ ಅಡ್ಡಪ್ರಶ್ನೆ ಹಾಕುತ್ತಿರುತ್ತಾರೆ.

"ಆ ವರ್ಷ ನಮ್ಮ ಗದ್ದೆಗೆ ನೀರು ಕಟ್ಟಿದ್ದು ನೀವೇನಾ ಮಾವ?"

"ನಾನ್ ಮನಗಿದ್ದೆ ಕಣ್ಲಾ."

"ಸನಿಕೆ ಒದ್ದೆಯಾಗಿತ್ತು. ನಾನು ಕಾಲೇಜಿಂದ ಬರ್ತಾ ನೋಡಿದೀನಿ."

"ಬಾಗ್ಲಾಚೆ ಇರೋ ಸನಿಕೆನ ಯಾರ್ ಬೇಕಾದ್ರೂ ತಗೊಂಡೋಗಿ ತಂದ್ ಮಡಗ್ಬೋದು. ಅದ್ಕೇ ಅಲ್ವಾ ಒರ್ಗೇ ಬುಡೋದು?" ಎಂದವರು ತಕ್ಷಣ ನಾಲಗೆ ಕಚ್ಚಿಕೊಂಡರು. ಒಂದು ಕಾರಣ ಬಾಯಿತಪ್ಪಿ ಹೊರಬಿದ್ದಿತ್ತು! "ಅಂಗಂತ ನಂಗೇನ್ ಗೊತ್ತಿಲ್ಲ" ಎಂದು ಬೇರೆ ಕಡೆ ನೋಡಿದರು. ನನ್ನ ಕಡೆ ತಿರುಗದೆಯೇ ಕೇಳಿದರು: "ನಿಮ್ಮವ್ವ ಉಂಡ್ಲಾ?"

ಈಗ ಸನಿಕೆ ನನ್ನ ಬಳಿಯಿದೆ. ಕಾಲೇಜಿಗೆ ರಜೆ ಹಾಕಿ ಹದಿಮೂರನೆಯ ದಿನ ಕಾಲುವೆಗೆ ಹೋಗುತ್ತೇನೆ. ನೀರು ಬಿಡುತ್ತೇನೆ. ತಿರುಗಿ ನೋಡದೆ ಬರುವುದು ಇಷ್ಟು ಕಷ್ಟ ಎಂದು ಯಾರೂ ಹೇಳಿರಲಿಲ್ಲ, ಕತ್ತು ತಾನಾಗೇ ಹೊರಳುತ್ತದೆ. ಕಾರಣ ಕೇಳುವುದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ತರಗತಿಯಲ್ಲಿ ಮಾವನ ಜೊತೆ ಈಗಲೂ ಜಗಳವಾಡುತ್ತೇನೆ. ಹಲಗೂರಿನ ಲೋಟಕ್ಕೂ ನಮ್ಮೂರಿನ ನೀರಿಗೂ ನಡುವಿನ ಗೆರೆಯನ್ನು ಪ್ರತಿ ಸಲ ಹೊಸದಾಗಿ ಹುಡುಕಬೇಕು, ಅದು ಯಾವ ಪಟ್ಟಿಯಲ್ಲೂ ಇಲ್ಲ ಎಂದು ಹುಡುಗರಿಗೆ ಹೇಳುತ್ತೇನೆ. ಪರೀಕ್ಷೆಗೆ ಬರುತ್ತದೆಯೇ ಎಂದು ಅವರು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ.

ಮನೆಗೆ ಬಂದು ಸನಿಕೆ ಹೊರಗೆ ಒರಗಿಸಿ, ಚಿಲಕ ಹಾಕಿ ಮಲಗುತ್ತೇನೆ. ಮಾವನಂತೆ ಗೊರಕೆ ಬರುವುದಿಲ್ಲ, ಕಣ್ಣು ತೆರೆದೇ ಇರುತ್ತದೆ. ಮೊನ್ನೆ ದನ ಬರುವ ಹೊತ್ತಿಗೆ ಬಾಗಿಲು ತೆಗೆದರೆ ಸನಿಕೆಯಿಂದ ಕೆಸರುನೀರು ಇಳಿಯುತ್ತಿತ್ತು. ಯಾರು ತೆಗೆದುಕೊಂಡು ಹೋಗಿದ್ದರು, ಯಾರ ಗದ್ದೆಗೆ ಕಟ್ಟಿದರು, ನನಗೆ ಗೊತ್ತಿಲ್ಲ. ಅಪ್ಪ ಸತ್ತ ವರ್ಷ ಬದುವಿನ ಮೇಲಿದ್ದ ಹೆಜ್ಜೆಗಳಲ್ಲಿ ಒಂದಾದರೂ ಮಾವನದಾಗಿತ್ತೇ, ಅದೂ ಗೊತ್ತಿಲ್ಲ. ನಡುವಿನ ಮೆಟ್ಟಿಲು ಯಾಕೆ ಎತ್ತರವಿದೆ ಎಂಬುದಂತೂ ಯಾರಿಗೂ ಗೊತ್ತಿಲ್ಲ.